ನಂಜನಗೂಡಿನ ನಾಗರತ್ನಮ್ಮ: ಕೀರ್ತಿಯನ್ನು ಕಲ್ಲಿಗೆ ಸುರಿದ ಗಾಯಕಿ

ನಂಜನಗೂಡು ಎಂದೊಡನೆ ಯಾರಿಗಾದರೂ ನೆನಪಾಗುವುದು ಶ್ರೀಕಂಠೇಶ್ವರ, ಪಂಚ ಮಹಾರಥೋತ್ಸವ, ರಸಬಾಳೆ ಮತ್ತು ಹಲ್ಲುಪುಡಿ. ಅಲ್ಲಿಂದ ಕಪಿಲೆಯ ಹರಿವನ್ನು ಹಿಡಿದು ಹೋದರೆ ಟಿ. ನರಸೀಪುರ ಸಿಗುತ್ತದೆ. ಅಲ್ಲಿನ ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಸಂಗೀತ ಬಲ್ಲವರಿಗೆ ತಿರುಮಕೂಡಲು ಎಂದರೆ ಪಿಟೀಲು ಚೌಡಯ್ಯನವರ ಹುಟ್ಟೂರು. ಆದರೆ ಅದೇ ಸಂಗೀತ ಬಲ್ಲವರನ್ನು ನಂಜನಗೂಡಿನಲ್ಲಿ ಹುಟ್ಟಿದ ಸಂಗೀತಗಾರರು ಯಾರೆಂದು ಕೇಳಿದರೆ ಉತ್ತರ ಥಟ್ಟನೆ ಬರುವುದಿಲ್ಲ. ಅದಕ್ಕೆ ಕಾರಣ ಹೆಸರಿನಲ್ಲೇ ಇದೆ. ಆಕೆ ಪ್ರಸಿದ್ಧರಾದದ್ದು ‘ಬೆಂಗಳೂರು ನಾಗರತ್ನಮ್ಮ’ ಎಂದು.

ಇಂದು ಹದಿನೈದರ ಹುಡುಗಿಯೊಬ್ಬಳು ಒಂದು ಹಾಡಿನಿಂದ ನಾಡಿಗೆಲ್ಲ ಪರಿಚಿತಳಾದರೆ ನಮಗೆ ಆಶ್ಚರ್ಯವೇನೂ ಆಗದು. ಟಿವಿ ಸ್ಪರ್ಧೆಗಳು, ಸಿನಿಮಾ, ಮೊಬೈಲು ಅದಕ್ಕೆಂದೇ ಇವೆ. ಮೈಕು, ರೇಡಿಯೊ, ಗ್ರಾಮಫೋನ್ ತಟ್ಟೆ ಯಾವುದೂ ಇಲ್ಲದ 1890ರ ದಶಕದಲ್ಲಿ ಅದೇ ವಯಸ್ಸಿನ ಹುಡುಗಿಯೊಬ್ಬಳು ಮೈಸೂರು ಸಂಸ್ಥಾನದಲ್ಲಿ ಹೆಸರಾದಳು. ಮುಂದೆ ಮದರಾಸಿನಲ್ಲಿ ನೆಲೆಸಿ, ದಕ್ಷಿಣದ ಬೇಡಿಕೆಯ ಗಾಯಕಿಯರಲ್ಲಿ ಒಬ್ಬರಾಗಿ, ಕೈತುಂಬ ದುಡಿದರು. ಆದರೆ ಇತಿಹಾಸ ಅವರನ್ನು ನೆನೆಯುವುದು ಗಳಿಸಿದ ಕೀರ್ತಿಗಿಂತ ಹೆಚ್ಚಾಗಿ, ಅದನ್ನು ಅವರು ಖರ್ಚು ಮಾಡಿದ ರೀತಿಗೆ.

ತಾಯಿಯ ಹಟ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಸಮುದಾಯಕ್ಕೆ ಸೇರಿದವರು. ತಂದೆ ವಕೀಲ ಸುಬ್ಬರಾವ್. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ–ಮಗಳಿಬ್ಬರೂ ಬೇರೆ ಆಸರೆ ಹುಡುಕಿಕೊಳ್ಳಬೇಕಾಯಿತು. ಮೈಸೂರಿನ ಸಂಸ್ಕೃತ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರು ಪುಟ್ಟಲಕ್ಷ್ಮಿಗೆ ಆಶ್ರಯ ಕೊಟ್ಟರು. ಪುಟ್ಟ ಹುಡುಗಿಗೆ ಸಂಸ್ಕೃತ, ಕನ್ನಡದ ಪಾಠ ಆರಂಭವಾದದ್ದು ಅಲ್ಲಿ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ಅಪರೂಪವಾಗಿದ್ದ ದಿನಗಳವು. ದೇವದಾಸಿಯ ಮಗಳಿಗೆ ಸಂಸ್ಕೃತ ಕಾವ್ಯ ಕಲಿಸುವುದನ್ನು ಕಂಡು ಸುತ್ತಲಿನವರು ಮೂಗು ಮುರಿದರಂತೆ. ಆ ಮಾತುಗಳಿಗೆ ಗುರುವಿನ ಮನಸ್ಸೂ ತಿರುಗಿತು, ಪಾಠ ನಿಂತಿತು.

ಪುಟ್ಟಲಕ್ಷ್ಮಿ ಸುಮ್ಮನೆ ಕೂರುವ ಹೆಂಗಸಲ್ಲ. ಮಗಳನ್ನು ದೊಡ್ಡ ಕಲಾವಿದೆಯನ್ನಾಗಿ ಮಾಡಿಯೇ ತೀರುವ ಹಟದಿಂದ ಮೈಸೂರು ಬಿಟ್ಟರು. ಕೊನೆಗೆ ಬೆಂಗಳೂರಿನಲ್ಲಿ ಸೋದರ ವೆಂಕಟಸ್ವಾಮಪ್ಪನವರ ನೆರಳು ಸಿಕ್ಕಿತು. ಅಲ್ಲಿ ಮುನುಸ್ವಾಮಪ್ಪ ಎಂಬ ಗುರುಗಳ ಬಳಿ ಸಂಗೀತದ ಪಾಠ ನಡೆಯಿತು. ಇವರು ತ್ಯಾಗರಾಜರ ಶಿಷ್ಯರಿಂದ ಬೆಳೆದ ವಾಲಾಜಪೇಟೆ ಪರಂಪರೆಗೆ ಸೇರಿದವರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ನಾಗರತ್ನಮ್ಮನವರ ಬದುಕು ತಿರುಗಿದ್ದು ಈ ಎಳೆಯಿಂದಲೇ. ಪಿಟೀಲು, ನೃತ್ಯ, ತೆಲುಗು, ತಮಿಳು, ಸ್ವಲ್ಪ ಇಂಗ್ಲಿಷು ಎಲ್ಲವೂ ಈ ವರ್ಷಗಳಲ್ಲೇ ಕೈಗೂಡಿದವು. ಮಗಳು ಹದಿಹರೆಯಕ್ಕೆ ಕಾಲಿಟ್ಟ ಹೊತ್ತಿಗೆ ತಾಯಿ ತೀರಿಕೊಂಡರು.

ಹದಿನಾಲ್ಕು–ಹದಿನೈದರ ಹೊತ್ತಿಗೆ ನಾಗರತ್ನಮ್ಮ ಸಭೆಯ ಮುಂದೆ ನಿಂತು ಹಾಡಬಲ್ಲ, ಕುಣಿಯಬಲ್ಲ ಕಲಾವಿದೆ. ಮೈಸೂರಿನಲ್ಲಿ ಆಗ ಚಾಮರಾಜ ಒಡೆಯರ ಕಾಲ. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ ಅವರಂಥ ಘಟಾನುಘಟಿಗಳಿದ್ದ ಆಸ್ಥಾನವದು. ಅಂಥ ಕಡೆ ಹಾಡಿ ಮೆಚ್ಚುಗೆ ಪಡೆದರೆ ಬೇರೆಲ್ಲೂ ಪರಿಚಯ ಹೇಳಿಕೊಳ್ಳಬೇಕಾಗಿರಲಿಲ್ಲ. ತಿರುವಾಂಕೂರು, ಬೊಬ್ಬಿಲಿ, ವಿಜಯನಗರಂ ಸಂಸ್ಥಾನಗಳಿಂದಲೂ ಮುಂದೆ ಮನ್ನಣೆ ಬಂತು.

ಕೀರ್ತಿಯ ಷರತ್ತು

ಈ ಕೀರ್ತಿಗೆ ಷರತ್ತುಗಳಿದ್ದವು. ಆ ಕಾಲದಲ್ಲಿ ಸಭೆಯಲ್ಲಿ ಕೂತು ಹಾಡುವ ಹೆಣ್ಣು ಎಂದರೆ ದೇವದಾಸಿ ಸಮುದಾಯದವಳು ಎಂದೇ ಅರ್ಥ. ಗೃಹಿಣಿಯರು ಅಡುಗೆಮನೆಯಲ್ಲಿ, ತೊಟ್ಟಿಲ ಬಳಿ, ಹಸೆಯ ಮುಂದೆ ಹಾಡಬಹುದಿತ್ತೇ ಹೊರತು ನಾಲ್ಕು ಜನ ಗಂಡಸರ ಎದುರು ಹಾಡುವಂತಿರಲಿಲ್ಲ. ದೇವದಾಸಿ ಹೆಣ್ಣಿಗೆ ಓದು, ಸಂಗೀತ, ಸ್ವಂತ ಹೆಸರಿನ ಆಸ್ತಿ, ತಾಯಿಯಿಂದ ಮಗಳಿಗೆ ಹರಿಯುವ ಹಕ್ಕು ಇದ್ದವು. ಸಮಾಜದ ಗೌರವ ಮಾತ್ರ ಇರಲಿಲ್ಲ. ದೊಡ್ಡವರೊಬ್ಬರ ಪೋಷಣೆಯಿಲ್ಲದೆ ಬದುಕು ಸಾಗುತ್ತಿರಲಿಲ್ಲ. ಮನೆಯ ಹೆಣ್ಣಿಗೆ ಗೌರವವಿತ್ತು, ಉಳಿದದ್ದು ಇರಲಿಲ್ಲ.

ನಾಗರತ್ನಮ್ಮನವರಿಗೆ ಬೆಂಗಳೂರಿನಲ್ಲಿ ಪೋಷಕರಾದವರು ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿ ರಾವ್. ಆಕೆಯ ಸಂಗೀತಕ್ಕೆ ತಕ್ಕ ನೆಲ ಮದರಾಸು ಎಂದು ಹೇಳಿ ಅಲ್ಲಿಗೆ ಹೋಗಲು ಪ್ರೋತ್ಸಾಹಿಸಿದವರೂ ಅವರೇ. 1903ರ ಹೊತ್ತಿಗೆ, ಇಪ್ಪತ್ತೈದರ ಪ್ರಾಯದಲ್ಲಿ, ನಾಗರತ್ನಮ್ಮ ಮದರಾಸಿನ ಜಾರ್ಜ್ ಟೌನಿಗೆ ಬಂದು ನೆಲೆಸಿದರು. ವ್ಯಾಪಾರಿಗಳ, ವಕೀಲರ, ದುಬಾಷಿಗಳ ಬಡಾವಣೆಯದು. ಸಂಗೀತಕ್ಕೆ ಹಣ ಕೊಡಬಲ್ಲ ಜನ ಅಲ್ಲಿದ್ದರು. ವೀಣೆ ಧನಮ್ಮಾಳ್ ಅಲ್ಲೇ ನೆರೆಯವರು, ಗೆಳತಿ.

ಅಲ್ಲಿಂದ ಮುಂದಿನ ಮೂರು ದಶಕಗಳಲ್ಲಿ ಅವರು ಸಾವಿರಕ್ಕೂ ಹೆಚ್ಚು ಕಛೇರಿ ನಡೆಸಿದರು. ಹರಿಕಥೆಯನ್ನೂ ಮಾಡಿದರು. ರೈಲು ಹೋಗುವ ಊರಿಗೆಲ್ಲ ಅವರ ಹೆಸರು ಹೋಯಿತು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಎಂದು ಅವರನ್ನು ಹೇಳುವುದುಂಟು. ಇಂದು ಚಿತ್ರತಾರೆಯರು ಕಟ್ಟುವ ತೆರಿಗೆಯ ಸುದ್ದಿ ಹೇಗೆ ಜನಪ್ರಿಯತೆಯ ಅಳತೆಗೋಲೋ ಅಂದಿಗೂ ಇದು ಹಾಗೆಯೇ.

ತಟ್ಟೆಯ ಮೇಲಿನ ದನಿ

ಇದೇ ಹೊತ್ತಿಗೆ ಗ್ರಾಮಫೋನು ಭಾರತಕ್ಕೆ ಕಾಲಿಟ್ಟಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡು ತಟ್ಟೆಗೆ ಇಳಿಯಿತು. ದೊಡ್ಡ ತುತ್ತೂರಿಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ವಿದ್ಯುತ್ ಮೈಕು ಬಂದದ್ದು 1925ರ ನಂತರ. ಒಂದು ಮಗ್ಗುಲಿಗೆ ಸಿಗುವುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ರಾಗ ಬೆಳೆಸುವವರಿಗೆ ಇದು ಸೆರೆಮನೆಯಂತೆ ಕಂಡರೆ ಆಶ್ಚರ್ಯವಿಲ್ಲ. ಮಡಿವಂತ ವಿದ್ವಾಂಸರು ಹಿಂಜರಿದರು. ಗಂಡಸರು ಬಿಟ್ಟ ಈ ಜಾಗವನ್ನು ತುಂಬಿದವರು ಉತ್ತರದಲ್ಲಿ ತವಾಯಫರು, ದಕ್ಷಿಣದಲ್ಲಿ ದೇವದಾಸಿಯರು. ನಾಗರತ್ನಮ್ಮನವರ ದನಿಯೂ ಹೀಗೆ ತಟ್ಟೆಗೆ ಇಳಿಯಿತು. ಆಕೆಯ ಕಛೇರಿಗೆ ಕಾಲಿಡಲಾಗದ ಮನೆಯ ಹೆಂಗಸರು ಕೂಡ ಇನ್ನು ಆ ಸಂಗೀತವನ್ನು ಮನೆಯಲ್ಲೇ ಕೂತು ಕೇಳಬಹುದಿತ್ತು.

ಇಲ್ಲಿ ಗೌಹರ್ ಜಾನ್ ಅವರ ಮಾತು ಬಂದದ್ದು ಬರಿಯ ಹೋಲಿಕೆಗಲ್ಲ. 1873ರಲ್ಲಿ ಹುಟ್ಟಿದ ಆಕೆಯೂ ಹದಿಮೂರು–ಹದಿನಾಲ್ಕರಲ್ಲೇ ದರ್ಭಂಗಾ ಆಸ್ಥಾನದಲ್ಲಿ ಹಾಡಿ ಹೆಸರಾದವರು. ಸುಮಾರು 600 ಧ್ವನಿಮುದ್ರಿಕೆಗಳ ಒಡತಿ. ಆದರೆ ಕೋರ್ಟು ಕಚೇರಿ, ನಂಬಿದವರ ಮೋಸ ಇವುಗಳಲ್ಲಿ ಗಳಿಸಿದ್ದೆಲ್ಲ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯ ಪಡೆದು ಮೈಸೂರಿಗೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಭಾರತದ ಮೊದಲ ಧ್ವನಿಮುದ್ರಿಕಾ ತಾರೆ ದೂರದಿಂದ ಬಂದು ಮೈಸೂರಿನಲ್ಲಿ ಅಂತ್ಯ ಕಂಡರು. ಮೈಸೂರಿನ ಮಗ್ಗುಲಲ್ಲೇ ಹುಟ್ಟಿದ ಇನ್ನೊಬ್ಬರು ದೂರ ಹೋಗಿ ಬೇರೊಂದು ದಾರಿ ಹಿಡಿದಿದ್ದರು.

ಒಂದು ಪುಸ್ತಕದ ಜಗಳ

ನಾಗರತ್ನಮ್ಮ ಹಾಡುಗಾರ್ತಿ ಮಾತ್ರವಲ್ಲ, ಓದುಗಾರ್ತಿ. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬಾಕೆ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರ ಕಾವ್ಯ ಬರೆದಿದ್ದಳು. ಅಚ್ಚಾಗಿದ್ದ ಹಳೆಯ ಪ್ರತಿಯಲ್ಲಿ ಕವಯಿತ್ರಿ ತನ್ನ ತಾಯಿ, ಅಜ್ಜಿಯರ ಬಗ್ಗೆ ಹೇಳಿಕೊಂಡ ಭಾಗವೇ ಇರಲಿಲ್ಲ. ಹಸ್ತಪ್ರತಿಯನ್ನು ಹುಡುಕಿ ತರಿಸಿ ನೋಡಿದ ನಾಗರತ್ನಮ್ಮನವರಿಗೆ ಬಿಟ್ಟು ಹೋದದ್ದು ಏನು ಎಂಬುದು ತಿಳಿಯಿತು. ಪೂರ್ಣ ಪಾಠವನ್ನು ಸಿದ್ಧಪಡಿಸಿದರು. 1910ರಲ್ಲಿ ಮದರಾಸಿನ ಪ್ರಸಿದ್ಧ ವಾವಿಳ್ಳ ಸಂಸ್ಥೆ ಅದನ್ನು ಪ್ರಕಟಿಸಿತು.

ಕವಯಿತ್ರಿಯನ್ನು ಹಳಿದಿದ್ದವರು ಸಾಮಾನ್ಯರಲ್ಲ. ಆಂಧ್ರದ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ಅವರೇ ಆಕೆಯ ಕಾವ್ಯ ಹೆಂಗಸರ ಬಾಯಲ್ಲಿ ಬರಬಾರದ್ದು ಎಂಬ ಅರ್ಥದ ಟೀಕೆ ಮಾಡಿದ್ದರು. ನಾಗರತ್ನಮ್ಮ ಕೇಳಿದ ಪ್ರಶ್ನೆ ನೇರವಾಗಿತ್ತು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರ ಇರಬೇಕಾದ ಗುಣವೇ? ಇದಕ್ಕಿಂತ ಹೆಚ್ಚಿನ ಶೃಂಗಾರ ಗಂಡಸರ ಕಾವ್ಯಗಳಲ್ಲಿ ಇದ್ದಾಗ ಅದು ಪಾಠಕ್ಕೆ ಯೋಗ್ಯ, ಹೆಂಗಸು ಬರೆದರೆ ಅಶ್ಲೀಲ ಹೇಗಾಗುತ್ತದೆ?

ಉತ್ತರ ಪೊಲೀಸರ ಮೂಲಕ ಬಂತು. 1911ರಲ್ಲಿ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ಪರಿಗಣಿಸಿತು, ಪ್ರತಿಗಳನ್ನು ವಶಪಡಿಸಿಕೊಂಡಿತು. ನಿಷೇಧ ತೆರವಾಗಲು 1947ರವರೆಗೆ, ಟಂಗುಟೂರಿ ಪ್ರಕಾಶಂ ಅವರ ಕಾಲದವರೆಗೆ ಕಾಯಬೇಕಾಯಿತು. ಮರುಮುದ್ರಣ ಹೊರಬಂದದ್ದು 1952ರಲ್ಲಿ. ಈ ಕಾವ್ಯದ ಕಥೆ ಇಂದು ಭಾರತದ ಮಹಿಳಾ ಸಾಹಿತ್ಯ ಚರಿತ್ರೆಯ ಮೊದಲ ಪುಟಗಳಲ್ಲಿದೆ.

ಬಿಡಾರಂ ಕೃಷ್ಣಪ್ಪನವರ ಪತ್ರ

ನಾಗರತ್ನಮ್ಮನವರಿಗೆ ನಲವತ್ತು ದಾಟಿತ್ತು. 1921ರಲ್ಲಿ ಮೈಸೂರಿನಿಂದ ಒಂದು ಪತ್ರ ಬಂತು. ಬರೆದವರು ಅವರು ಗುರುಸ್ಥಾನದಲ್ಲಿ ಕಾಣುತ್ತಿದ್ದ ಬಿಡಾರಂ ಕೃಷ್ಣಪ್ಪ. ಟಿ. ನರಸೀಪುರದ ಸೀಮೆಗೆ ಕೃಷ್ಣಪ್ಪನವರ ನಂಟು ದೊಡ್ಡದು. 1910ರಲ್ಲಿ ತಿರುಮಕೂಡಲಿನಿಂದ ಬಂದ ಹುಡುಗ ಚೌಡಯ್ಯನನ್ನು ಮನೆಯಲ್ಲಿಟ್ಟುಕೊಂಡು, ತಿದ್ದಿ ತೀಡಿ, ಪಿಟೀಲು ವಿದ್ವಾಂಸರನ್ನಾಗಿ ಮಾಡಿದವರು ಅವರೇ.

ಕಾವೇರಿಯ ದಡದ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದೆ ಎಂಬುದು ಪತ್ರದ ತಿರುಳು. 1847ರ ಜನವರಿ 6ರಂದು ತ್ಯಾಗರಾಜರು ಸಿದ್ಧಿ ಹೊಂದಿದ ಮೇಲೆ ಆ ಜಾಗ ಬಹುಕಾಲ ಮರೆತೇ ಹೋಗಿತ್ತು. 1903ರಲ್ಲಿ ಉಮಯಾಳಪುರಂನ ಶಿಷ್ಯರು ಅದನ್ನು ಗುರುತಿಸಿ ಸರಿಪಡಿಸಿದ್ದರು. ಮುಂದೆ ವರ್ಷಕ್ಕೊಮ್ಮೆ ಆರಾಧನೆ ಶುರುವಾಯಿತು. ಆದರೆ ನಡೆಸುವವರು ‘ಪೆರಿಯ ಕಚ್ಚಿ’, ‘ಚಿನ್ನ ಕಚ್ಚಿ’ ಎಂದು, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂದು ಒಡೆದುಹೋಗಿದ್ದರು. ಉತ್ಸವಕ್ಕೆ ಇಬ್ಬರಿದ್ದರು, ಸಮಾಧಿಗೆ ಯಾರೂ ಇರಲಿಲ್ಲ.

ನಾಗರತ್ನಮ್ಮ ತಿರುವೈಯಾರಿಗೆ ಧಾವಿಸಿದರು. ತಾವು ಕಲಿತ ಪರಂಪರೆಯ ಮೂಲಪುರುಷನ ಸಮಾಧಿಯದು. ಜಾಗವನ್ನು ಪಡೆದುಕೊಂಡರು, ತೆರವು ಮಾಡಿಸಿದರು. ಹದಿನೈದನೇ ವಯಸ್ಸಿನಿಂದ ಹಾಡಿ ಗಳಿಸಿದ್ದು, ಒಡವೆ ವಸ್ತ್ರ, ಎಲ್ಲವನ್ನೂ ಅಲ್ಲಿ ಸುರಿದರು. 1920ರ ದಶಕದ ಮಧ್ಯಭಾಗದ ಹೊತ್ತಿಗೆ ತ್ಯಾಗರಾಜರ ವಿಗ್ರಹದೊಂದಿಗೆ ಗುಡಿ ಸಿದ್ಧವಾಗಿ ಕುಂಭಾಭಿಷೇಕ ನಡೆಯಿತು. ಇಂದು ನಾವು ತಿರುವೈಯಾರಿನಲ್ಲಿ ಕಾಣುವ ಗುಡಿಗೆ ಬುನಾದಿ ಹಾಕಿದ್ದು ಆ ಹಣ. ತ್ಯಾಗರಾಜರ ನೂರೆಂಟು ನಾಮಗಳ ಅಷ್ಟೋತ್ತರವನ್ನೂ ಅವರೇ ಸಂಸ್ಕೃತದಲ್ಲಿ ರಚಿಸಿದರು. ಸಂಸ್ಕೃತ ಕಲಿಯಬಾರದೆಂದು ಬಾಲ್ಯದಲ್ಲಿ ಪಾಠ ನಿಲ್ಲಿಸಿಕೊಂಡವರು ಬರೆದ ನಾಮಾವಳಿ ಪೂಜೆಯಲ್ಲಿ ಬಳಕೆಗೆ ಬಂತು.

ಗುಡಿ ಕಟ್ಟಿದವರಿಗೇ ಜಾಗವಿಲ್ಲ

ವಿಚಿತ್ರವೆಂದರೆ ಗುಡಿ ಕಟ್ಟಿಸಿದಾಕೆ ಆರಾಧನೆಯಲ್ಲಿ ಹಾಡುವಂತಿರಲಿಲ್ಲ. ಎರಡು ಪಕ್ಷಗಳಿಗೂ ನೂರು ಜಗಳಗಳಿದ್ದವು, ಒಂದು ವಿಷಯದಲ್ಲಿ ಮಾತ್ರ ಒಮ್ಮತವಿತ್ತು: ಹೆಂಗಸರು ಸಮಾಧಿಯ ಮುಂದೆ ಹಾಡಕೂಡದು. ನಾಗಸ್ವರದವರಿಗೂ ತಕ್ಕ ಸ್ಥಾನವಿರಲಿಲ್ಲ.

ನಾಗರತ್ನಮ್ಮ ಅತ್ತು ಕರೆದು ಕೂರಲಿಲ್ಲ. 1927ರ ಹೊತ್ತಿಗೆ ಮೂರನೆಯ ಪಕ್ಷವನ್ನೇ ಕಟ್ಟಿದರು. ಅದರ ಹೆಸರು ‘ಪೆಣ್ಗಳ್ ಕಚ್ಚಿ’, ಹೆಂಗಸರ ಪಕ್ಷ. ಗಂಡಸರು ಸಮಾಧಿಯ ಮುಂದೆ ಹಾಡಿದರೆ ಇವರು ಹಿಂಭಾಗದಲ್ಲಿ ಹಾಡಿದರು. ದೂರದೂರದ ದೇವದಾಸಿ ಕಲಾವಿದೆಯರು ಬಂದು ಸೇರಿದರು. ಗಂಡಸರ ಎರಡು ಪಕ್ಷಗಳು ತಮ್ಮೊಳಗೇ ಕಚ್ಚಾಡುತ್ತಿದ್ದ ವರ್ಷಗಳಲ್ಲಿ ಹೆಂಗಸರ ಉತ್ಸವ ಬೆಳೆಯುತ್ತ ಹೋಯಿತು.

1940ರ ದಶಕದ ಆರಂಭದಲ್ಲಿ ಐಸಿಎಸ್ ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿ ಮಧ್ಯಸ್ಥಿಕೆ ವಹಿಸಿ ಮೂರೂ ಪಕ್ಷಗಳನ್ನು ಒಂದುಗೂಡಿಸಿದರು. ಹೆಂಗಸರಿಗೂ ಹಾಡುವ ಅವಕಾಶ ದೊರೆಯಿತು. ಪುಷ್ಯ ಬಹುಳ ಪಂಚಮಿಯಂದು ನೂರಾರು ಜನ ಒಟ್ಟಿಗೆ ಕುಳಿತು ಪಂಚರತ್ನ ಕೃತಿಗಳನ್ನು ಹಾಡುವ ಪದ್ಧತಿ ರೂಢಿಗೆ ಬಂದದ್ದು ಈ ಒಗ್ಗಟ್ಟಿನ ನಂತರ. ಇಂದು ಆ ಗೋಷ್ಠಿಯಲ್ಲಿ ಸಾಲಾಗಿ ಕೂರುವ ಹೆಂಗಸರನ್ನು ನೋಡುವಾಗ ಅದು ಯಾವಾಗಲೂ ಹೀಗೆಯೇ ಇತ್ತೆಂದು ಅನಿಸಿಬಿಡುತ್ತದೆ.

ಕಾನೂನು, ಕಲೆ, ಕಳೆದುಕೊಂಡದ್ದು

ನಾಗರತ್ನಮ್ಮನವರ ಕಥೆಯಲ್ಲಿ ಸುಲಭವಾಗಿ ತೀರ್ಪು ಕೊಡಲಾಗದ ಒಂದು ಅಧ್ಯಾಯವಿದೆ. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದರಾಸು ಶಾಸನಸಭೆಯಲ್ಲಿ ದೇವದಾಸಿ ಪದ್ಧತಿ ನಿಲ್ಲಿಸಬೇಕೆಂದು ಹೋರಾಟ ಆರಂಭಿಸಿದರು. ನಾಗರತ್ನಮ್ಮ ಮತ್ತು ಇತರ ದೇವದಾಸಿ ಕಲಾವಿದೆಯರು ಸಂಘ ಕಟ್ಟಿಕೊಂಡು ಅದನ್ನು ವಿರೋಧಿಸಿದರು. ತಮ್ಮನ್ನೆಲ್ಲ ಒಟ್ಟಾಗಿ ವೇಶ್ಯೆಯರೆಂದು ಕರೆಯುವುದು, ತಲೆಮಾರುಗಳಿಂದ ಬಂದ ಆಸ್ತಿ ಹಕ್ಕು, ಕಲೆಯ ಹಕ್ಕು ಕಳೆಯುವುದು ಅನ್ಯಾಯ ಎಂಬುದು ಅವರ ವಾದ.

ಇದರ ಬಿಸಿ ನಂಜನಗೂಡಿಗೆ ಮೊದಲೇ ತಟ್ಟಿತ್ತು. ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲೇ ಕೊನೆಗಾಣಿಸಿತು. ಆ ನಿರ್ಧಾರದ ಹಿನ್ನೆಲೆಯಲ್ಲಿದ್ದದ್ದು ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ತಮ್ಮ ಸೇವೆಯ ಹಕ್ಕನ್ನು ಕಳೆಯಬಾರದೆಂದು ಸಲ್ಲಿಸಿದ್ದ ಮನವಿ. ಮದರಾಸಿನ ಕಾಯ್ದೆ ಬಂದದ್ದು 1947ರಲ್ಲಿ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು.

ಏನೂ ಅರಿಯದ ಹುಡುಗಿಯನ್ನು ದೇವರ ಹೆಸರಿನಲ್ಲಿ ಬಿಟ್ಟು, ಮುಂದೆ ಆಕೆಯ ಬದುಕನ್ನು ಉಳ್ಳವರ ಕೈಗೆ ಒಪ್ಪಿಸುವ ಪದ್ಧತಿ ನಿಲ್ಲಬೇಕಾದದ್ದೇ. ಅದರಲ್ಲಿ ಎರಡು ಮಾತಿಲ್ಲ. ಒಬ್ಬ ನಾಗರತ್ನಮ್ಮ ಗೆದ್ದರೆಂದು ಸೋತ ಸಾವಿರಾರು ಹೆಣ್ಣುಮಕ್ಕಳನ್ನು ಮರೆಯಲಾಗದು. ಆದರೆ ಪದ್ಧತಿ ಹೋಗುವಾಗ ಆ ಹೆಂಗಸರ ಜೀವನೋಪಾಯ, ವಿದ್ಯೆ, ಮಾನ ಏನಾಗಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ. ಅವರ ಕಲೆ ಉಳಿಯಿತು, ಗೌರವಸ್ಥ ಮನೆಗಳ ಹೆಣ್ಣುಮಕ್ಕಳು ಅದನ್ನು ಕಲಿತರು, ವೇದಿಕೆ ಏರಿದರು. ಕಲೆಯನ್ನು ಅಷ್ಟು ಕಾಲ ಕಾಪಾಡಿದ ಮನೆತನಗಳು ಮಾತ್ರ ತಮ್ಮ ಹಿನ್ನೆಲೆಯನ್ನು ಮುಚ್ಚಿಟ್ಟುಕೊಂಡು ಬದುಕಬೇಕಾಯಿತು. ನಾಗರತ್ನಮ್ಮ ಅದನ್ನು ಎಂದೂ ಮುಚ್ಚಿಡಲಿಲ್ಲ ಎಂಬುದೇ ಅವರ ದೊಡ್ಡ ಧೈರ್ಯ.

ಎರಡು ಊರು, ಎರಡು ನೆನಪು

ತಿರುಮಕೂಡಲಿನ ಚೌಡಯ್ಯನವರ ಬದುಕನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅವರೂ ಎಳೆಯ ವಯಸ್ಸಿನಲ್ಲೇ ಹೆಸರಾದವರು, ಏಳು ತಂತಿಯ ಪಿಟೀಲು ನುಡಿಸಿ ಮೈಕಿಲ್ಲದ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಿಸಿದವರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ನೀಡಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಅವರ ಹೆಸರಿನಲ್ಲಿದೆ. ಅವರ ಪ್ರತಿಭೆಗೆ ಇದೆಲ್ಲ ಸಲ್ಲಬೇಕಾದದ್ದೇ. ಆದರೆ ಅಕಾಡೆಮಿ ಅದೇ ಬಿರುದನ್ನು ಮೊದಲ ಬಾರಿಗೆ ಒಬ್ಬ ಮಹಿಳೆಗೆ ಕೊಟ್ಟದ್ದು 1968ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ. ಅವರೂ ದೇವದಾಸಿ ಮನೆತನದಿಂದ ಬಂದವರು, ಹತ್ತು ವರ್ಷದ ಬಾಲೆಯಾಗಿದ್ದಾಗಲೇ ತಟ್ಟೆಗೆ ಹಾಡಿದವರು. ಅಷ್ಟು ಹೊತ್ತಿಗೆ ನಾಗರತ್ನಮ್ಮ ತೀರಿಕೊಂಡು ಹದಿನಾರು ವರ್ಷವಾಗಿತ್ತು.

ಕೊನೆಯ ವರ್ಷಗಳನ್ನು ಅವರು ತಿರುವೈಯಾರಿನಲ್ಲೇ ಕಳೆದರು. ಉಳಿದಿದ್ದ ಆಸ್ತಿಯನ್ನು ಉಯಿಲಿನ ಮೂಲಕ ಸಮಾಧಿಯ ಸೇವೆಗೆ ಬಿಟ್ಟರು. 1952ರ ಮೇ 19ರಂದು ಕೊನೆಯುಸಿರೆಳೆದರು. ಅವರ ಸಮಾಧಿ ತ್ಯಾಗರಾಜರ ಸಮಾಧಿಯ ಬಳಿಯಲ್ಲೇ ಇದೆ. ಅಲ್ಲಿ ಅವರ ಮೂರ್ತಿಯೂ ಉಂಟು. ನಿಷೇಧ ಕಳೆದುಕೊಂಡ ‘ರಾಧಿಕಾ ಸಾಂತ್ವನಮು’ ಮರಳಿ ಅಚ್ಚಾದದ್ದೂ ಅದೇ ವರ್ಷ.

ಚಿಕ್ಕ ವಯಸ್ಸಿನ ಕೀರ್ತಿ ಅನೇಕರನ್ನು ಸುಟ್ಟಿದೆ. ಬಂದ ವೇಗದಲ್ಲೇ ಹೋಗುವ ಗುಣ ಅದಕ್ಕಿದೆ. ನಾಗರತ್ನಮ್ಮ ಅದನ್ನು ಹಿಡಿದಿಟ್ಟುಕೊಳ್ಳಲು ಹೋಗಲಿಲ್ಲ. ತನ್ನಂಥ ಹೆಂಗಸರು ಯಾರ ಅಪ್ಪಣೆಯನ್ನೂ ಕೇಳದೆ ಕೂತು ಹಾಡಬಹುದಾದ ಒಂದಿಷ್ಟು ನೆಲವನ್ನು ಅದರಿಂದ ಕೊಂಡರು. ನಂಜನಗೂಡಿನ ಸೋಪಾನಕಟ್ಟೆಯನ್ನು ತೊಳೆದು ಹೊರಟ ಕಪಿಲೆ ತಿರುಮಕೂಡಲಿನಲ್ಲಿ ತನ್ನ ಹೆಸರನ್ನು ಕಾವೇರಿಗೆ ಒಪ್ಪಿಸಿ ತಿರುವೈಯಾರಿನ ಆ ಗುಡಿಯ ಬಳಿಯೇ ಹಾದುಹೋಗುತ್ತದೆ. ಅಲ್ಲಿ ಆಕೆಯನ್ನು ಬೆಂಗಳೂರಿನವರೆಂದು ನೆನೆಯುತ್ತಾರೆ. ನಂಜನಗೂಡಿನವರೆಂದು ನೆನೆಯುವ ಕೆಲಸ ನಮ್ಮದು.